ಟವಲು ಧುರಂಧರ

ಅಮೆರಿಕೆಯ ವಿಶ್ವವಿದ್ಯಾಲಯವೊಂದರ ಬ್ಯಾಸ್ಕೆಟ್‌ಬಾಲ್ ಪಂದ್ಯಕ್ಕೆ ಹೋದವರು ಸಾಮಾನ್ಯವಾಗಿ ತಾಳೆಯುದ್ದದ ಆಟಗಾರರನ್ನೂ, ಗೆರೆಯಂಚಿನಲ್ಲಿ ರೌದ್ರಾವತಾರ ತಾಳಿದ ಕೋಚನ್ನೂ ಕಂಡು ತೃಪ್ತರಾಗಿ ಹಿಂದಿರುಗುತ್ತಾರೆ; ಆದರೆ ರಸಜ್ಞನಾದ ಪ್ರೇಕ್ಷಕನು ಕಣ್ಣಿಡಬೇಕಾದದ್ದು ಬುಟ್ಟಿಯ ಹಿಂಬದಿಯಲ್ಲಿ, ಕೊನೆಯ ಗೆರೆಯಾಚೆ, ತೊಡೆಯ ಮೇಲೆ ಟವಲೊಂದನ್ನು ಮಡಿಸಿಟ್ಟುಕೊಂಡು ಕುಕ್ಕುರುಗಾಲಿನಲ್ಲಿ ಕುಳಿತಿರುವ, ಸಾಧಾರಣ ಎತ್ತರದ, ಅಸಾಧಾರಣ ಗಾಂಭೀರ್ಯದ ಯುವಕನ ಮೇಲೆ. ಆತನೇ ತಂಡದ ವಿದ್ಯಾರ್ಥಿ ಮ್ಯಾನೇಜರು.

ಆಟಗಾರನೊಬ್ಬನು ಧೊಪ್ಪನೆ ಬಿದ್ದಾಗ, ನೆರೆದ ಸಾವಿರಾರು ಮಂದಿ ಅವನ ಮೂಳೆಗೇನಾಯಿತೋ ಎಂದು ಉಸಿರು ಬಿಗಿಹಿಡಿದರೆ, ಮ್ಯಾನೇಜರನ ದೃಷ್ಟಿ ಮಾತ್ರ ಅವನ ಬೆನ್ನು ಮರದ ನೆಲದ ಮೇಲೆ ಬಿಟ್ಟ ಒದ್ದೆಯ ಗುರುತಿನಲ್ಲಿ ನೆಟ್ಟಿರುತ್ತದೆ. ತೀರ್ಪುಗಾರನ ಸೀಟಿ ಕೇಳಿದೊಡನೆ ಬಾಗಿದ ಬೆನ್ನಿನಲ್ಲೇ ಓಡಿ, ಮಂಡಿಯೂರಿ, ಎರಡೂ ಅಂಗೈಗಳಿಂದ ಒತ್ತಿ ಒರಸಿ, ಎದ್ದು, ಬೂಟಿನ ಅಟ್ಟೆಯನ್ನು ಅದೇ ಜಾಗದಲ್ಲಿ ಒಮ್ಮೆ ಉಜ್ಜಿ, ಕಿರ್ರೆಂಬ ಸದ್ದು ಬಂದಿತೆಂದು ಖಾತರಿ ಮಾಡಿಕೊಂಡು, ಆಟ ಮರಳಿ ಆರಂಭವಾಗುವಷ್ಟರಲ್ಲಿ ಆತನು ಸ್ವಸ್ಥಾನ ಸೇರಿರುತ್ತಾನೆ. 94 ಅಡಿ ಉದ್ದದ ಆ ಅಂಕಣದಲ್ಲಿ ಆಟಕ್ಕೆ ಇಷ್ಟು ಸಮೀಪವಾಗಿ ಕಾಲಿಡುವ ಅಧಿಕಾರ ಆತನಿಗೆ ದೊರೆಯುವುದು ಇಂತಹ ಕ್ಷಣಗಳಲ್ಲೇ; ಆದುದರಿಂದ ಹೆಚ್ಚು ಬೆವರುವ ಆಟಗಾರನ ಮೇಲೆ ಆತನಿಗೆ ಒಳಗೊಳಗೇ ಪಕ್ಷಪಾತವಿದ್ದರೆ ಅದನ್ನು ದೋಷವೆಂದು ಎಣಿಸಲಾಗದು.

ಕೋಚ್ ವಿರಾಮ ಕೇಳಿದರಂತೂ, ಮದುವೆಯ ಮನೆಯಲ್ಲಿ ಉಗ್ರಾಣದ ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಂಡ ಸೋದರಮಾವನಿಗೆ ಬರುವ ಕಳೆ ಈತನ ಮುಖಕ್ಕೆ ಬರುತ್ತದೆ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಸ್ಟೂಲುಗಳು ಅರ್ಧಚಂದ್ರಾಕಾರದಲ್ಲಿ ನಿಲ್ಲುತ್ತವೆ, ನೀರಿನ ಬಾಟಲಿಗಳು ಕೈಗೆ ಬರುತ್ತವೆ. ಕೋಚ್ ಮಹಾಶಯರು ಹಿಂದಿರುಗಿ ನೋಡದೆ ಕೈಯನ್ನು ಚಾಚುತ್ತಾರೆ. ಆ ಕೈಗೆ ಹಲಗೆಯೂ, ಮುಚ್ಚಳ ತೆಗೆದ ಮಾರ್ಕರೂ ತಾವಾಗಿಯೇ ಹುಟ್ಟಿದಂತೆ ಬಂದು ಕೂರುತ್ತವೆ. ಮಾರ್ಕರು ಬರೆಯದೆ ಹೋದರೆ ಇನ್ನೊಂದು ಕಾಲುಚೀಲದೊಳಗೆ ಸಿದ್ಧವಾಗಿರುತ್ತದೆ. ತಂತ್ರ ಫಲಿಸಿದರೆ ಕೀರ್ತಿ ಕೋಚರದು. ಮಾರ್ಕರು ಒಣಗಿದ್ದರೆ ಅಪಕೀರ್ತಿ ಯಾರದೆಂಬುದನ್ನು ಹೇಳಬೇಕಾಗಿಲ್ಲ. ಇಂಡಿಯಾನಾ ವಿಶ್ವವಿದ್ಯಾಲಯದ ಕೋಚ್ ಬಾಬ್ ನೈಟ್ ಅವರು 1985ರಲ್ಲಿ ಪಂದ್ಯದ ನಡುವೆ ಕೋಪೋದ್ರೇಕದಿಂದ ಕುರ್ಚಿಯೊಂದನ್ನು ಅಂಕಣದ ಮೇಲೆ ಎಸೆದದ್ದನ್ನು ಆ ದೇಶದ ಕ್ರೀಡಾಭಿಮಾನಿಗಳು ಇಂದಿಗೂ ಕಣ್ಣಿಗೆ ಕಟ್ಟುವಂತೆ ವರ್ಣಿಸುತ್ತಾರೆ. ಪಂದ್ಯಕ್ಕೆ ಮುನ್ನ ಆ ಕುರ್ಚಿಗಳನ್ನು ಸಾಲಾಗಿ ಹಾಕಿದವನ ಪ್ರಸ್ತಾಪವನ್ನು ಮಾತ್ರ ಯಾರೂ ಎತ್ತುವುದಿಲ್ಲ.

ಅಭ್ಯಾಸದ ವೇಳೆಯಲ್ಲಿ ಆತನ ಕರ್ತವ್ಯಗಳು ಇನ್ನೂ ವಿವಿಧ. ಬುಟ್ಟಿಯತ್ತ ನುಗ್ಗುವ ಆಟಗಾರನು ಏಟು ತಿಂದರೂ ಎದೆಗೆಡದಂತೆ ಪಳಗಿಸಲು, ಮೆತ್ತನೆಯ ದಪ್ಪ ಪ್ಯಾಡ್ ಹಿಡಿದು ಅವನನ್ನು ಹೊಡೆಯಬೇಕು, ತನಗಿಂತ ಒಂದಡಿ ಎತ್ತರದ ಮಹಾಕಾಯನನ್ನು ಬಾರಿಸಿ, ಮೇಲಾಗಿ ಕೋಚರಿಂದ "ಇನ್ನೂ ಜೋರಾಗಿ!" ಎಂಬ ಪ್ರೋತ್ಸಾಹವನ್ನು ಪಡೆಯುವ ಸೌಭಾಗ್ಯ ಬೇರೆ ಯಾವ ಉದ್ಯೋಗದಲ್ಲಿದೆಯೋ ನಾನರಿಯೆ. ಎಲ್ಲಕ್ಕಿಂತ ದೀರ್ಘವಾದ ಸೇವೆಯೆಂದರೆ ಬುಟ್ಟಿಯ ಕೆಳಗೆ ನಿಂತು ಚೆಂಡು ಹಿಡಿದುಕೊಡುವುದು. 1891ರಲ್ಲಿ ಸ್ಪ್ರಿಂಗ್‌ಫೀಲ್ಡಿನ ಜೇಮ್ಸ್ ನೈಸ್ಮಿತ್ ಈ ಆಟವನ್ನು ಹುಟ್ಟಿಸಿದಾಗ ಬಾಲ್ಕನಿಯ ಕಟಕಟೆಗೆ ಹೊಡೆದದ್ದು ಪೀಚ್ ಹಣ್ಣಿನ ಬುಟ್ಟಿಗಳನ್ನು. ಅವುಗಳಿಗೆ ತಳವಿದ್ದುದರಿಂದ, ಚೆಂಡು ಬಿದ್ದಾಗಲೆಲ್ಲ ಯಾರಾದರೊಬ್ಬರು ಏಣಿ ಹತ್ತಿ ತೆಗೆಯಬೇಕಾಗುತ್ತಿತ್ತು. ಏಣಿಯ ಮೇಲಿನ ಆ ಮಹಾನುಭಾವನನ್ನೇ ನಮ್ಮ ಕಥಾನಾಯಕನ ಮೂಲಪುರುಷನೆಂದು ನಾನು ಭಾವಿಸಿದ್ದೇನೆ. ಈಗ ತಳ ಹೋಗಿದೆ, ಏಣಿಯೂ ಹೋಗಿದೆ, ಸೇವೆ ಉಳಿದಿದೆ. ರಾತ್ರಿ ಹನ್ನೊಂದಕ್ಕೆ, ಪರೀಕ್ಷೆಗೆ ಓದುತ್ತ ಕುಳಿತ ಮ್ಯಾನೇಜರನ ಮೊಬೈಲಿಗೆ ಆಟಗಾರನಿಂದ "ಜಿಮ್?" ಎಂಬ ಏಕಾಕ್ಷರೀ ಮಂತ್ರ ಬಂದರೆ ಸಾಕು, ಪುಸ್ತಕ ಮುಚ್ಚಿ ಹೊರಡುತ್ತಾನೆ, ಆಟಗಾರನು ನೂರು ಸಲ ಎಸೆದರೆ ಈತನು ನೂರು ಸಲವೂ ಹಿಡಿದು, ಮತ್ತೆ ಎಸೆಯಲು ಅನುಕೂಲವಾಗುವಂತೆ, ಸರಿಯಾಗಿ ಎದೆಯ ನೇರಕ್ಕೆ ಹಿಂದಿರುಗಿಸುತ್ತಾನೆ. ಉಡುಪು ಒಗೆಯುವುದು, ಪ್ರತಿಸ್ಪರ್ಧಿಗಳ ಆಟದ ವಿಡಿಯೊ ಕತ್ತರಿಸಿ ಜೋಡಿಸುವುದು, ಚೀಲ ಕಟ್ಟುವುದು ಇವೆಲ್ಲ ಬಿಡಿ, ಸಣ್ಣಪುಟ್ಟವು.

ಇಷ್ಟಕ್ಕೆಲ್ಲ ಪ್ರತಿಫಲವೇನೆಂದರೆ, ಕೆಲವೆಡೆ ಅಲ್ಪಸ್ವಲ್ಪ ವಿದ್ಯಾರ್ಥಿವೇತನ, ಕೆಲವೆಡೆ ಬೂಟು ಮತ್ತು ಅಂಗಿ. 2021ರಿಂದ ಆ ದೇಶದ ಕಾಲೇಜು ಆಟಗಾರರು ತಮ್ಮ ನಾಮರೂಪಗಳನ್ನು ಜಾಹೀರಾತಿಗೆ ಕೊಟ್ಟು ಹಣ ಗಳಿಸಬಹುದಾಗಿದೆ; ಬಹುಪಾಲು ಮ್ಯಾನೇಜರುಗಳದಾದರೋ ನಾಮವೂ ರೂಪವೂ ಇನ್ನೂ ಮಾರುಕಟ್ಟೆಗೆ ಬಂದಿಲ್ಲ. ದೂರದರ್ಶನದಲ್ಲಿ ಕೋಚರ ಹೆಗಲಿನ ಹಿಂದೆ ಅರೆಕ್ಷಣ ಮಿಂಚುವ ಮೊಣಕೈಯೊಂದನ್ನು ತೋರಿಸಿ "ಅದು ನಮ್ಮ ಹುಡುಗ" ಎಂದು ತಾಯಿ ನೆರೆಯವರಿಗೆ ಹೇಳುವಳು, ನೆರೆಯವರು ನಂಬುವರು.

ಆತನು ಬಡಪಾಯಿಯೆಂದು ಮರುಗಿದರೆ ಮಾತ್ರ ಕೆಟ್ಟೆವು. ಆ ಕ್ಷಣವೇ ಆತನ ಬಾಯಿಂದ ಲಾರೆನ್ಸ್ ಫ್ರಾಂಕ್ ಎಂಬವರ ಪುರಾಣ ಆರಂಭವಾಗುತ್ತದೆ: ಅದೇ ಬಾಬ್ ನೈಟ್ ಅವರ ಕೈಕೆಳಗೆ ವಿದ್ಯಾರ್ಥಿ ಮ್ಯಾನೇಜರಾಗಿದ್ದು 1992ರಲ್ಲಿ ಪದವಿ ಪಡೆದವರು, 2004ರಲ್ಲಿ ವೃತ್ತಿಪರ ತಂಡವಾದ ನ್ಯೂಜೆರ್ಸಿ ನೆಟ್ಸ್‌ಗೆ ಮುಖ್ಯ ಕೋಚ್ ಆಗಿ ಮೊದಲ 13 ಪಂದ್ಯಗಳನ್ನೂ ಗೆದ್ದುಕೊಟ್ಟರಂತೆ. ಈ ಪಾರಾಯಣವಾದ ಮೇಲೆ ಹುಡುಗನು ಇನ್ನೊಂದು ರಾಶಿ ಟವಲನ್ನು ದುಪ್ಪಟ್ಟು ಉತ್ಸಾಹದಿಂದ ಮಡಿಸುತ್ತಾನೆ.

ಆತನೂ ಆಡುವುದುಂಟು. ಮರುದಿನ ಎದುರಾಗಲಿರುವ ಎರಡು ತಂಡಗಳ ಮ್ಯಾನೇಜರುಗಳು ಹಿಂದಿನ ರಾತ್ರಿ ತಮ್ಮತಮ್ಮಲ್ಲೇ ಒಂದು ಪಂದ್ಯ ಕಟ್ಟುವ ಪದ್ಧತಿ ಅಲ್ಲಿ ಬಳಕೆಗೆ ಬಂದಿದೆ. ಪ್ರೇಕ್ಷಕರಿಲ್ಲ, ತುತ್ತೂರಿಯಿಲ್ಲ, ಆದರೂ ಆ ಹತ್ತು ಮಂದಿಯ ಮುಖದಲ್ಲಿ ಕುರುಕ್ಷೇತ್ರದ ಕಳೆ. ಎದುರಾಳಿ ಎಸೆದ ಚೆಂಡು ಗುರಿ ತಪ್ಪಿ ಪುಟಿಯುತ್ತದೆ. ನಮ್ಮವನು ಮೇಲೆ ನೆಗೆದು ಅದನ್ನು ಹಿಡಿಯುತ್ತಾನೆ. ಗೆಳೆಯರು ಕೇಕೆ ಹಾಕುವಷ್ಟರಲ್ಲಿ, ವರ್ಷಗಳ ಅಭ್ಯಾಸಬಲದಿಂದ, ಎಸೆದವನಿಗೇ ಅದನ್ನು ಹಿಂದಿರುಗಿಸಿಬಿಡುತ್ತಾನೆ. ಎದುರಾಳಿಯೂ ಸಾವಕಾಶವಾಗಿ ಗುರಿಯಿಟ್ಟು ಅಂಕ ಗಳಿಸುತ್ತಾನೆ. ಮರುದಿನ ಬೆಳಿಗ್ಗೆ ಬಟ್ಟೆ ಒಗೆಯುವ ಯಂತ್ರದ ಮುಂದೆ ಆತನನ್ನು ವಿಚಾರಿಸಿದರೆ, ಸೋತದ್ದನ್ನು ನಿಸ್ಸಂಕೋಚವಾಗಿ ಒಪ್ಪಿಕೊಳ್ಳುತ್ತಾನೆ. "ಆದರೆ ಆ ಪಾಸ್ ನೋಡಿದಿರಾ?" ಎನ್ನುತ್ತಾನೆ. "ಸರಿಯಾಗಿ ಎದೆಯ ನೇರಕ್ಕೆ ಹೋಯಿತು."