ಸ್ಟ್ಯಾಕ್ ಯಾವುದು? ಪಂಪ!

ಇಂಜಿನಿಯರುಗಳು ಕನ್ನಡದಲ್ಲಿ ಕಥೆ ಬರೆದರೆ ಯಾರೂ ಹುಬ್ಬೇರಿಸುವುದಿಲ್ಲ. ವಿವೇಕ ಶಾನಭಾಗ ಓದಿದ್ದು ಇಂಜಿನಿಯರಿಂಗ್. ಸುರತ್ಕಲ್ಲಿನಲ್ಲಿ ಓದಿ ಸಾಫ್ಟ್‌ವೇರ್ ಕಂಪನಿಗಳಲ್ಲಿ ದುಡಿದ ವಸುಧೇಂದ್ರ ಕಥೆ ಬರೆದರು, ಲಲಿತ ಪ್ರಬಂಧ ಬರೆದರು, ಸಾಲದ್ದಕ್ಕೆ ಛಂದ ಪುಸ್ತಕ ಎಂಬ ಪ್ರಕಾಶನವನ್ನೂ ಕಟ್ಟಿದರು. ಇವರನ್ನು ಬಾಗಿಲಲ್ಲಿ ನಿಲ್ಲಿಸಿ ‘ಛಂದಸ್ಸು ಓದಿದ್ದೀರೇನ್ರೀ, ಮಾರ್ಕ್ಸ್ ಕಾರ್ಡ್ ತೋರಿಸಿ’ ಎಂದವರಿಲ್ಲ. ಅದೇ ಕನ್ನಡ ಎಂ.ಎ. ಮಾಡಿದವನೊಬ್ಬ ಭಾನುವಾರ ಬೆಳಿಗ್ಗೆ ಇಸ್ತ್ರಿ ಅಂಗಿ ತೊಟ್ಟು ಸಾಫ್ಟ್‌ವೇರಿನವರ ಕೂಟಕ್ಕೆ ಹೊರಟನೆನ್ನಿ, ಕಟ್ಟಿಕೊಂಡ ಹೆಂಡತಿಯೇ ಕೇಳುತ್ತಾಳೆ: “ಅಲ್ಲಿ ನಿಮಗೇನ್ರೀ ಕೆಲಸ?”

ಇಲ್ಲಿ ಹೇಳಹೊರಟಿರುವುದು ಅಂಥ ಒಬ್ಬ ಎಂ.ಎ.ಯ ಸಂಗತಿ. ಆಸಾಮಿ ಈ ಲೇಖಕನಿಗೆ ಚೆನ್ನಾಗಿ ಗೊತ್ತು. ದಿನಾ ಬೆಳಿಗ್ಗೆ ಗಡ್ಡ ಹೆರೆಯುವಾಗ ಕನ್ನಡಿಯಲ್ಲಿ ಸಿಗುತ್ತಾನೆ.

ಕೆಲಸ ಇಲ್ಲದೆ ಏನೂ ಹೋಗಿರಲಿಲ್ಲ. ಪಂಪಭಾರತದ ಮೇಲೆ ಅವನು ಬರೆದ ಸಂಪ್ರಬಂಧ ಹಳೆಯ ನುಡಿ ಫಾಂಟಿನಲ್ಲಿತ್ತು. ಹೊಸ ಲ್ಯಾಪ್‌ಟಾಪಿನಲ್ಲಿ ತೆರೆದರೆ ಪಂಪನೂ ಇಲ್ಲ, ಭಾರತವೂ ಇಲ್ಲ. ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ್ದವು. ಫಾಂಟ್ ಹೋದರೆ ಒಳಗಿನ ಇಂಗ್ಲಿಷೇ ಹಲ್ಲು ಕಿರಿಯುತ್ತದೆ. ‘ಕನ್ನಡ’ ಎಂದು ಇರಬೇಕಾದ ಕಡೆ ಒಂದು ಪಿ, ತಲೆಯ ಮೇಲೆ ಓರೆಗೀಟಿರುವ ಒಂದು ಎ, ನಟ್ಟನಡುವೆ ಬ್ರಿಟಿಷರ ಪೌಂಡ್ ಚಿಹ್ನೆ. ಕನ್ನಡದ ಒಳಗೆ ಪೌಂಡ್ ಇದೆಯೆಂದು ತಿಳಿದ ದಿನ ಅವನಿಗೆ ಸಂಕಟದ ನಡುವೆಯೂ ಸಣ್ಣ ಹೆಮ್ಮೆಯಾಯಿತು.

ಇದಕ್ಕೂ ಮೊದಲು ಒಂದು ದೊಡ್ಡ ಕಂಪನಿಯ ‘ಕಮ್ಯುನಿಟಿ ಮೀಟ್’ಗೆ ಹೋಗಿಬಂದಿದ್ದ. ಕೊರಳಿಗೆ ಪಟ್ಟಿ ಹಾಕಿದರು, ಪಟ್ಟಿಯ ಮೇಲಿನ ಚೌಕವನ್ನು ಸ್ಕ್ಯಾನ್ ಮಾಡಿದರು, ನಾವೆಲ್ಲ ಒಂದೇ ಕುಟುಂಬ ಎಂದರು. ಆ ಕುಟುಂಬ ಇವತ್ತಿಗೂ ವಾರಕ್ಕೊಮ್ಮೆ ಫೋನ್ ಮಾಡಿ ಡೇಟಾ ಸೈನ್ಸ್ ಕೋರ್ಸಿಗೆ ಸೇರಿ ಎನ್ನುತ್ತದೆ. ಸ್ವಂತ ದೊಡ್ಡಪ್ಪನ ಮಕ್ಕಳು ಇಷ್ಟು ವಿಚಾರಿಸಿಕೊಂಡವರಲ್ಲ.

ಈ ಸಲದ್ದು ಬೇರೆ ಥರದ ಕೂಟ. ಯಾವುದೋ ಸ್ಟಾರ್ಟಪ್ ರಜೆಯ ದಿನ ಬಿಟ್ಟುಕೊಟ್ಟ ಕೋಣೆ, ಇಪ್ಪತ್ತು ಚಿಲ್ಲರೆ ಜನ, ಫ್ಲಾಸ್ಕಿನಲ್ಲಿ ಟೀ, ಮುಕ್ತ ತಂತ್ರಾಂಶಗಳಿಗೆ ಭಾರತೀಯ ಭಾಷೆಗಳನ್ನು ಕೂಡಿಸುವ ಉಮೇದು. ಗುಂಡಗೆ ಕೂತು ಪರಿಚಯ ಹೇಳಿಕೊಳ್ಳುತ್ತ ಬಂದರು. ಒಬ್ಬ ಪೈಥಾನ್ ಎಂದ, ಇನ್ನೊಬ್ಬಳು ರಸ್ಟ್ ಎಂದಳು. ಸರದಿ ಇವನ ಹತ್ತಿರ ಬಂತು.

“ನಿಮ್ಮ ಸ್ಟ್ಯಾಕ್ ಯಾವುದು ಸಾರ್?”

ಸ್ಟ್ಯಾಕ್ ಎಂದರೆ ವಿಶೇಷ ಅಧ್ಯಯನದ ವಿಷಯ ಇರಬೇಕೆಂದು ಊಹಿಸಿ ಇವನು ಗಂಭೀರವಾಗಿ “ಪಂಪ” ಎಂದ.

ಪಕ್ಕದಲ್ಲಿದ್ದ ಹುಡುಗ ತಲೆಯಾಡಿಸಿದ. “ಲ್ಯಾಂಪ್ ಕೇಳಿದೀನಿ. ಪಂಪ್ ಹೊಸದಾ? ಕೊನೇ ರಿಲೀಸ್ ಯಾವಾಗ ಆಯ್ತು?”

“941ರಲ್ಲಿ.”

“ಈಗಲೂ ಯಾರಾದರೂ ಮೇಂಟೇನ್ ಮಾಡ್ತಿದಾರಾ?”

“ವಿಶ್ವವಿದ್ಯಾಲಯಗಳು ಮಾಡ್ತಿವೆ ಅಂತ ಹೇಳಿಕೊಳ್ತವೆ.”

ಹುಡುಗ ಮೊಬೈಲಿನಲ್ಲಿ ಹುಡುಕಿ, ಸಿಕ್ಕಿದ್ದನ್ನು ಓದಿ, ಸದ್ದಿಲ್ಲದೆ ಪರದೆಯನ್ನು ಪಕ್ಕದವಳಿಗೆ ದಾಟಿಸಿದ. ಪರದೆ ಕೋಣೆಯನ್ನು ಒಂದು ಸುತ್ತು ಹಾಕಿ ವಾಪಸು ಬರುವಷ್ಟರಲ್ಲಿ ಇವನು ‘ಮೇಷ್ಟ್ರು’ ಆಗಿದ್ದ. ಜೀವಮಾನದಲ್ಲಿ ಒಂದು ಪಿರಿಯಡ್ ಪಾಠ ಮಾಡಿದವನಲ್ಲ.

ಬಂದ ಕೆಲಸ ಟೀ ಆರುವ ಮುನ್ನ ಮುಗಿಯಿತು. ಹಳೆಯ ಫಾಂಟಿನ ಬರಹವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳನ್ನು ಪುಣ್ಯಾತ್ಮರು ಯಾವಾಗಲೋ ಬರೆದು ಪುಕ್ಕಟೆ ಬಿಟ್ಟಿದ್ದಾರೆ. ಒಳಗೆ ಹಾಕಿದರು, ಪಂಪ ಹೊರಗೆ ಬಂದ. ನಮಸ್ಕಾರ ಹೇಳಿ ಹೊರಡಬಹುದಿತ್ತು. ಹೊರಡಲಿಲ್ಲ. ಸಮೋಸ ಇನ್ನೂ ಬಂದಿರಲಿಲ್ಲ ಎಂಬುದೂ ಒಂದು ಕಾರಣ.

ಇನ್ನೊಂದು ಕಾರಣ, ಕನ್ನಡ ಮತ್ತು ಕಂಪ್ಯೂಟರಿನ ಸಂಬಂಧ ಕುದುರಿಸಿದವರಲ್ಲಿ ಎಷ್ಟು ಜನ ಪರವೂರಿನವರು ಎಂಬುದು ಅವನಿಗೆ ಅವತ್ತು ಗೊತ್ತಾಗಿದ್ದು. ಇವತ್ತು ಸರ್ಕಾರಿ ಕಚೇರಿಗಳಲ್ಲಿ ಕನ್ನಡ ಒತ್ತುವ ಕೀಲಿಮಣೆಯ ಮೂಲ ವಿನ್ಯಾಸ ಮಂಗಳೂರಿನ ಹತ್ತಿರದ ಕಿನ್ನಿಕಂಬಳದ ಕೆ.ಪಿ. ರಾವ್ ಅವರದು, ಅವರು ಬಂದದ್ದು ಮುದ್ರಣದ ಅಕ್ಷರಜೋಡಣೆ ಯಂತ್ರಗಳ ಕಡೆಯಿಂದ. ಯು.ಬಿ. ಪವನಜ ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಮುಂಬೈಯ ಭಾಭಾ ಅಣುಶಕ್ತಿ ಕೇಂದ್ರದಲ್ಲಿದ್ದವರು. 1996ರಲ್ಲಿ ‘ವಿಶ್ವಕನ್ನಡ’ವನ್ನು ಅಂತರಜಾಲಕ್ಕೆ ಏರಿಸಿದರು. ಮೂಡಿಗೆರೆಯ ಕಾಫಿ ತೋಟದಲ್ಲಿ ಮೀನು ಹಿಡಿದುಕೊಂಡು, ಹಕ್ಕಿ ಫೋಟೊ ತೆಗೆದುಕೊಂಡು ಇರಬಹುದಾಗಿದ್ದ ಪೂರ್ಣಚಂದ್ರ ತೇಜಸ್ವಿ ಕನ್ನಡ ತಂತ್ರಾಂಶಕ್ಕಾಗಿ ಸರ್ಕಾರದ ಬೆನ್ನು ಹತ್ತಿದರು. ಇಷ್ಟು ಕೇಳಿದ ಮೇಲೆ ಎಂ.ಎ. ಕುರ್ಚಿಯನ್ನು ಒಂದು ಅಡಿ ಮುಂದಕ್ಕೆ ಎಳೆದುಕೊಂಡ.

ಎಳೆದುಕೊಂಡಿದ್ದೇ ಅನಾಹುತಕ್ಕೆ ಮೂಲ.

ಎದುರಿನ ಪರದೆಯ ಮೇಲೆ ಯೂನಿಕೋಡಿನ ಕನ್ನಡ ಕೋಷ್ಟಕ ತೆರೆದಿತ್ತು. ಅ, ಆ, ಇ, ಈ ಎಂದು ಪ್ರತಿ ಅಕ್ಷರಕ್ಕೂ ಒಂದು ಮನೆ, ಮನೆಗೊಂದು ನಂಬರು, ನಂಬರಿಗೊಂದು ಇಂಗ್ಲಿಷ್ ಹೆಸರು. ಇವನ ಕಣ್ಣು ಕೊನೆಯ ಸಾಲುಗಳಲ್ಲಿ ಒಂದರ ಮೇಲೆ ನಿಂತಿತು. ಅಲ್ಲಿ ಒಂಟಿಯಾಗಿ ಕೂತಿತ್ತು ೞ. ಹಳಗನ್ನಡದ ಹಿರಿಯ ಜೀವ, ಈಗ ಯಾರೂ ಬಳಸದ ಅಕ್ಷರ. ಪರೀಕ್ಷೆಗಾಗಿ ಕೇಶಿರಾಜನ ಶಬ್ದಮಣಿದರ್ಪಣ ಉರುಹೊಡೆದವರಿಗೆ ಮಾತ್ರ ಗುರುತು ಹತ್ತುವ ಮುಖ. ಬೆಂಗಳೂರಿನ ಗಾಜಿನ ಕಟ್ಟಡದ ಏಳನೇ ಮಹಡಿಯಲ್ಲಿ ತನ್ನ ಕಡೆಯವರೊಬ್ಬರು ಸಿಕ್ಕರಲ್ಲ ಎಂದು ಹಿಗ್ಗಿದ. ಆಮೇಲೆ ಪಕ್ಕದಲ್ಲಿದ್ದ ಹೆಸರು ಓದಿದ.

‘ಕನ್ನಡ ಲೆಟರ್ ಫ’.

“ಫ ಅಂತೆ!” ಎಂದು ಕೂಗಿದ ಕೂಗಿಗೆ ಟೀ ಹೊಯ್ಯುತ್ತಿದ್ದವನ ಕೈ ಅಲುಗಿತು. “ಫ ಎಲ್ಲಿಂದ ಬಂತ್ರೀ? ಇದಕ್ಕೂ ಫ ಅನ್ನೋದಕ್ಕೂ ಎತ್ತಣ ಸಂಬಂಧ?”

ಸಂಬಂಧ ಏನೂ ಇಲ್ಲ ಎಂದು ಅಲ್ಲಿದ್ದ ಹಿರಿಯರೊಬ್ಬರು ಸಮಾಧಾನದಿಂದ ವಿವರಿಸಿದರು. ಅದೊಂದು ತಪ್ಪು. ತಪ್ಪೆಂದು ಯೂನಿಕೋಡಿನವರಿಗೂ ಗೊತ್ತು. ಆದರೆ 1996ರ ಎರಡನೇ ಆವೃತ್ತಿಯಿಂದ ಈಚೆಗೆ, ಒಮ್ಮೆ ಇಟ್ಟ ಹೆಸರನ್ನು ಬದಲಾಯಿಸಬಾರದೆಂಬುದು ಅವರ ನಿಯಮ. ಹೆಸರನ್ನು ನೆಚ್ಚಿಕೊಂಡ ಪ್ರೋಗ್ರಾಮುಗಳು ಮುರಿದುಬೀಳುತ್ತವೆ. ಸರಿಯಾದ ಹೆಸರನ್ನು ತಿದ್ದುಪಡಿ ಎಂದು ಬೇರೊಂದು ಪಟ್ಟಿಯಲ್ಲಿ ಬರೆದಿಟ್ಟಿದ್ದಾರೆ, ಅಷ್ಟೆ. ರೇಷನ್ ಕಾರ್ಡಿನಲ್ಲಿ ಗಂಗಮ್ಮ ಹೋಗಿ ಗಂಗಣ್ಣ ಆದದ್ದಕ್ಕೆ ತಾಲ್ಲೂಕು ಕಚೇರಿಯವರು ‘ಇರಲಿ ಬಿಡಿ, ಷರಾ ಬರೆದಿದ್ದೀವಿ’ ಎನ್ನುತ್ತಾರಲ್ಲ, ಹಾಗೆ.

“ಬಗ್ ಫೈಲ್ ಮಾಡ್ತೀನಿ” ಎಂದ ಎಂ.ಎ. ಆ ಪದ ಕಲಿತು ಅರ್ಧ ಗಂಟೆಯಾಗಿತ್ತು.

“ವೋಂಟ್ ಫಿಕ್ಸ್ ಅಂತ ಮುಚ್ಚಿಬಿಡ್ತಾರೆ ಮೇಷ್ಟ್ರೇ. ಇಂಗ್ಲಿಷಿನ ಬ್ರ್ಯಾಕೆಟ್ಟನ್ನೇ ತಿದ್ದಿಲ್ಲ” ಎಂದು ಹಿರಿಯರು ಇನ್ನೊಂದು ಮನೆ ತೋರಿಸಿದರು. ನಿಜ, ಒಂದು ಕಂಸದ ಹೆಸರಿನಲ್ಲಿ ಸಿ ಮತ್ತು ಕೆ ಅದಲುಬದಲಾಗಿ ಶಾಶ್ವತವಾಗಿ ಕೂತಿವೆ. ಇವನಿಗೆ ಅರ್ಧ ಸಮಾಧಾನವಾಯಿತು. ಉಳಿದರ್ಧ ಹೊತ್ತುಕೊಂಡು ಎದ್ದು ಹೋಗಿ ಬೋರ್ಡಿನ ಮೇಲೆ ಗೋಡೆಯೆತ್ತರಕ್ಕೆ ೞ ಬರೆದ.

ಆಮೇಲೆ ನಡೆದದ್ದು ಉಪನ್ಯಾಸ. ಕುಳ, ಕ್ಷಳ, ರಳ ಎಂಬ ಮೂರು ಬಗೆಯ ಳಕಾರ. ಹದಿಮೂರನೇ ಶತಮಾನದ ಹೊತ್ತಿಗೇ ಜನರ ಬಾಯಲ್ಲಿ ಒಂದು ಇನ್ನೊಂದಾಗುತ್ತಿತ್ತು, ಅದಕ್ಕೇ ಕೇಶಿರಾಜ ರಳ ಬರುವ ಪದಗಳನ್ನು ಪಟ್ಟಿ ಹಾಕಿಟ್ಟ. ಮೞೆ, ಬಾೞೆ, ಕೋೞಿ. “ಉಚ್ಚಾರ ಹೇಗೆ ಮೇಷ್ಟ್ರೇ?” ಎಂದಳು ರಸ್ಟ್‌ನವಳು.

ಮೇಷ್ಟ್ರು ಬಾಯಿ ತೆರೆದರು. ಮುಚ್ಚಿದರು. ಎಂ.ಎ. ಓದಿದ ಎರಡು ವರ್ಷವೂ ಅವನಿಗೆ ಕಲಿಸಿದವರು ಇದನ್ನು ಳ ಎಂದೇ ಓದಿದ್ದರು, ಅವರ ಗುರುಗಳೂ ಹಾಗೇ ಓದಿದ್ದಿರಬೇಕು. ಪ್ರಶ್ನೆಪತ್ರಿಕೆಯಲ್ಲಿ ಉಚ್ಚಾರಕ್ಕೆ ಅಂಕವಿರಲಿಲ್ಲ.

ಆಗ ಮೂಲೆಯಿಂದ ಮಧುರೆಯ ಹುಡುಗನೊಬ್ಬ, ಅಲ್ಲಿಯತನಕ ತುಟಿಪಿಟಿಕ್ಕೆನ್ನದವನು, ನಾಲಿಗೆಯನ್ನು ಹಿಂದಕ್ಕೆ ಮಡಚಿ, ಅಂಗುಳಿಗೆ ತಾಗಿಸದೆ, ಬೆಣ್ಣೆ ಜಾರಿದಷ್ಟು ನಯವಾಗಿ ಹೇಳಿದ: “ಮೞೈ. ವಾೞೈ. ಕೋೞಿ. ನಮ್ಮ ಮನೇಲಿ ದಿನಾ ಹೇಳ್ತೀವಿ ಸಾರ್.” ತ್ರಿಶೂರಿನವಳು ಬಿಡಲಿಲ್ಲ: “ಮೞ, ವಾೞ, ಕೋೞಿ.” ಶತಮಾನಗಳ ಹಿಂದೆ ಕನ್ನಡದ ಮನೆ ಬಿಟ್ಟುಹೋದ ಸದ್ದು ಅಕ್ಕಪಕ್ಕದ ಮನೆಗಳಲ್ಲಿ ಗುಂಡುಕಲ್ಲಿನಂತಿತ್ತು. ಎಂ.ಎ. ಅವರಿಬ್ಬರ ಎದುರು ಕುರ್ಚಿ ಹಾಕಿಕೊಂಡು ಕೂತ. “ಇನ್ನೊಂದ್ಸಲ.”

ಇನ್ನೊಂದು ಸಲ ಹೇಳಿದರು. ಇವನು ಹೇಳಿದರೆ ಕೋಳಿ ಆಯಿತು. ನಾಲಿಗೆ ಮಡಚಿದರೆ ಕೋರಿ ಆಯಿತು, ಮಂಗಳೂರಿನ ಕಡೆಯ ಹುಡುಗ ರೊಟ್ಟಿ ಎಲ್ಲಿ ಎಂದ. ಪೈಥಾನಿನವರು ಲ್ಯಾಪ್‌ಟಾಪ್ ಮುಚ್ಚಿ ಪ್ರಯತ್ನಕ್ಕಿಳಿದರು. ಸ್ವಲ್ಪ ಹೊತ್ತಿಗೆ ಕೋಣೆಯಲ್ಲಿದ್ದವರೆಲ್ಲ ಬಾಯಿ ಅಗಲಿಸಿ, ಕುತ್ತಿಗೆ ನರ ಉಬ್ಬಿಸಿ, ಕೋೞಿ ಕೋೞಿ ಎನ್ನುತ್ತಿದ್ದರು. ಒಬ್ಬಳು ಮೊಬೈಲಿನ ಕ್ಯಾಮೆರಾದಲ್ಲಿ ತನ್ನ ನಾಲಿಗೆ ಎಲ್ಲಿದೆ ಎಂದು ಹುಡುಕುತ್ತಿದ್ದಳು. ಗಲಾಟೆಗೆ ಬಾಗಿಲು ತೆರೆದ ಬಿಹಾರದ ಸೆಕ್ಯುರಿಟಿಯವನಿಗೂ ತಾಲೀಮು ಕೊಡಿಸಿದರು. ಅವನಿಗೆ ಮೊದಲ ಏಟಿಗೇ ಬಂತು. ಎಂ.ಎ.ಗೆ ಸಂಜೆಯವರೆಗೂ ಬರಲಿಲ್ಲ. ಬಸ್ಸಿನಲ್ಲಿ, ಕಿಟಕಿ ಪಕ್ಕ, ಕಂಡಕ್ಟರಿಗೆ ಚಿಲ್ಲರೆ ಕೊಡುವಾಗ ಬಂತು. ಕಂಡಕ್ಟರ್ ಕಣ್ಣು ತಪ್ಪಿಸಿ ಮುಂದೆ ಹೋದ.

ಬೋರ್ಡಿನ ಮೇಲೆ ಬರೆದದ್ದು ಪರ್ಮನೆಂಟ್ ಮಾರ್ಕರಿನಲ್ಲಿ. ಸೋಮವಾರ ಬೆಳಿಗ್ಗೆ ಆ ಸ್ಟಾರ್ಟಪ್ಪಿನವರು ಗೋಡೆಯೆತ್ತರದ ೞ ಮುಂದೆ ನಿಂತು ತಮ್ಮ ಗುರಿ ಸಾಧನೆಯ ಚರ್ಚೆ ಮಾಡಿದರಂತೆ. ಈಗಲೂ ಅದು ಮಸುಕಾಗಿ ಕಾಣುತ್ತದೆ. ಯೂನಿಕೋಡಿನವರ ಸ್ಥಿರತೆಯ ನೀತಿಗೆ ನಮ್ಮ ಕಡೆಯಿಂದಲೂ ಒಂದು ಕಾಣಿಕೆ.

ಎಲ್ಲವೂ ಹೀಗೇ ನಗೆಯಲ್ಲಿ ಸಾಗಲಿಲ್ಲ. ಇನ್ನೊಂದು ಭಾನುವಾರ, ಹಳೆಯ ಕಡತಗಳ ಪರಿವರ್ತನೆಯ ಮಾತು ಬಂದಾಗ ಚುರುಕಿನ ಹುಡುಗನೊಬ್ಬ, “ಈ ಡಿಟಿಪಿಯವರೇ ಸಾರ್ ಕನ್ನಡದ ಡೇಟಾ ಹಾಳುಮಾಡಿದ್ದು. ಎಲ್ಲಾ ಕಸ” ಎಂದ. ನಾಲ್ಕಾರು ಜನ ನಕ್ಕರು. ಎಂ.ಎ.ಗೆ ಮೈ ಉರಿಯಿತು, ಈಗಲೂ ಉರಿಯುತ್ತದೆ. ಪುಸ್ತಕದ ಪುಟ ಕಟ್ಟಲು ಇದ್ದದ್ದು ಪೇಜ್‌ಮೇಕರ್. ಅದಕ್ಕೆ ಯೂನಿಕೋಡ್ ಕನ್ನಡ ಬರುತ್ತಿರಲಿಲ್ಲ. ಬರುವ ಫಾಂಟಿನಲ್ಲಿ, ಪುಟಕ್ಕಿಷ್ಟು ಎಂಬ ಕೂಲಿಗೆ, ಚಾಮರಾಜಪೇಟೆ ಅವೆನ್ಯೂ ರಸ್ತೆಗಳ ಮಹಡಿ ಮೆಟ್ಟಿಲ ಕೆಳಗಿನ ಗೂಡುಗಳಲ್ಲಿ ಕೂತು ಒಂದು ತಲೆಮಾರಿನ ಕನ್ನಡ ಪುಸ್ತಕಗಳನ್ನು ಕುಟ್ಟಿದವರು ಇವರು, ಹೆಚ್ಚಿನವರು ಹೆಂಗಸರು. ಇವತ್ತು ‘ವಚನ ಸಂಚಯ’ದಲ್ಲಿ 20,000ಕ್ಕೂ ಹೆಚ್ಚು ವಚನಗಳ ನಡುವೆ ಒಂದು ಪದ ಹುಡುಕಿ ಸಂಶೋಧನೆ ಮಾಡುವ ನಾವು, ಆ ಪದವನ್ನು ಮೊದಲು ಯಾವ ಬೆರಳು ಒತ್ತಿತು ಎಂದು ಕೇಳಿದವರಲ್ಲ. ಪುಸ್ತಕದ ಎರಡನೇ ಪುಟದಲ್ಲಿ ‘ಅಕ್ಷರ ಜೋಡಣೆ’ ಎಂಬ ಇರುವೆಗಾತ್ರದ ಸಾಲು, ಅದೂ ಅಂಗಡಿಯ ಹೆಸರಿನಲ್ಲಿ. ಎಂ.ಎ.ಯನ್ನು ಮೇಷ್ಟ್ರೇ ಎಂದು ಕರೆದು ಸಮೋಸ ಕೊಟ್ಟ ಕೋಣೆಯಲ್ಲಿ ಅವರಿಗೆ ಕುರ್ಚಿ ಇರಲಿಲ್ಲ, ಇಲ್ಲವೆಂಬುದು ಯಾರಿಗೂ ಹೊಳೆದೂ ಇರಲಿಲ್ಲ.

ಮುಂದಿನ ಕೂಟಕ್ಕೆ ತನ್ನ ಸಂಪ್ರಬಂಧ ಟೈಪ್ ಮಾಡಿದ್ದ ಡಿಟಿಪಿ ಅಂಗಡಿಯ ಅಮ್ಮನನ್ನೇ ಕರೆದುಕೊಂಡು ಬಂದ. ಆಕೆ ಬ್ಯಾಗು ತೊಡೆಯ ಮೇಲಿಟ್ಟುಕೊಂಡೇ ಕೂತರು. ಪರೀಕ್ಷೆಗಿಟ್ಟಿದ್ದ ಹೊಸ ಕೀಲಿಮಣೆಯ ಮುಂದೆ ಕೂರಿಸಿ, ಏನಾದರೂ ಹೊಡೆಯಿರಿ ಎಂದರು. ಕೆ, ಎನ್, ಎಫ್, ಎನ್, ಡಬ್ಲ್ಯೂ: ಕನ್ನಡ. ಪರದೆ ನೋಡಲೇ ಇಲ್ಲ. ಅಲ್ಲಿಂದ ಮುಂದೆ ಮದುವೆಯ ಲಗ್ನಪತ್ರಿಕೆಯೊಂದು ಗಣಪತಿ ಸ್ತುತಿಯಿಂದ ‘ಉಡುಗೊರೆಗಳನ್ನು ಸ್ವೀಕರಿಸಲಾಗುವುದಿಲ್ಲ’ದವರೆಗೆ ಒಂದೇ ಉಸಿರಿಗೆ ಇಳಿಯಿತು. ಚುರುಕಿನ ಹುಡುಗ ಅವರ ಬೆರಳುಗಳನ್ನೇ ನೋಡುತ್ತ ನಿಂತ. ‘ಇತಿ’ ಎಂಬಲ್ಲಿ ಕೈ ನಿಂತಿತು. ಇ ಬರುವ ಕಡೆ ಬರೀ ಗುಡಿಸು, ಚುಕ್ಕೆಚುಕ್ಕೆಯ ವೃತ್ತವೊಂದರ ತಲೆಯೇರಿ ಕೂತಿತ್ತು.

“ಪದದ ಶುರುವಲ್ಲಿ ಬಂದ್ರೆ ಸ್ವರ ಆಗ್ಬೇಕಲ್ವಾ? ಇಷ್ಟೂ ನೋಡ್ಕೊಂಡಿಲ್ವಾ ನೀವು?”

ತಿಂಗಳಿಂದ ಅದನ್ನು ಯಾರೂ ನೋಡಿಕೊಂಡಿರಲಿಲ್ಲ. ಹುಡುಗರು ಕೂಡಲೇ ಬರೆದುಕೊಂಡರು, ಪ್ರತಿ ವಾರವೂ ಬನ್ನಿ ಎಂದು ದುಂಬಾಲು ಬಿದ್ದರು.

“ಪುಟಕ್ಕೆ ಎಷ್ಟು ಕೊಡ್ತೀರಾ?”

ಕೋಣೆ ಫ್ಯಾನ್ ಕಡೆ ನೋಡಿತು. ಇದು ಸಮುದಾಯದ ಕೆಲಸ, ಸ್ವಯಂಸೇವೆ, ಫ್ರೀ ಸಾಫ್ಟ್‌ವೇರ್ ಎಂದು ಒಬ್ಬ ತೊದಲಿದ.

“ನೀವೆಲ್ಲ ಭಾನುವಾರ ಪುಕ್ಕಟೆ ಕೂತಿದೀರಾ?” ಆಕೆ ಎಂ.ಎ. ಕಡೆ ತಿರುಗಿದರು. “ನೀವೂನೂ?” ಅವನು ಸಮೋಸದ ಕಡೆ ಕೈ ತೋರಿಸಿದ. “ಬಸ್ಸು ಹೇಗೂ ಫ್ರೀ ಮಾಡಿದಾರೆ, ಟೈಪಿಂಗೂ ಫ್ರೀ ಅಂದ್ರೆ ನಾವು ಅಂಗಡಿ ಬಾಡಿಗೆ ಏನರಲ್ಲಿ ಕಟ್ಟೋದು?”

ಕೊನೆಗೆ ಯಾರೋ ಮೂಲೆಯ ಡಬ್ಬ ತೆರೆದು ಟೀ ಶರ್ಟ್ ಮುಂದೆ ಹಿಡಿದರು. ಆಕೆ ಬಟ್ಟೆಯನ್ನು ಬೆರಳಲ್ಲಿ ಹೊಸಕಿ ನೋಡಿ, ಮಗನಿಗೆ ದೊಡ್ಡ ಸೈಜು ಇದೆಯಾ ಎಂದು ಕೇಳಿ, ಎರಡು ತೆಗೆದುಕೊಂಡರು. ಒಂದು ಟೈಪ್ ಮಾಡಿದ್ದಕ್ಕೆ, ಇನ್ನೊಂದು ತಪ್ಪು ಹುಡುಕಿದ್ದಕ್ಕೆ.