ಡೈ-ಧಾತು ದರ್ಪಣ

ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯಲ್ಲಿ ‘ಡೈವ್’ ಶಬ್ದ ತಂದೊಡ್ಡಿದ ತೊಡಕನ್ನು ಪೂರ್ವಸೂರಿಗಳಾರೂ ವಿಚಾರಿಸಿಲ್ಲ. ವೈಯಾಕರಣ ಕೇಶಿರಾಜನನ್ನು ದೂರುವಂತಿಲ್ಲ, 13ನೇ ಶತಮಾನದಲ್ಲಿ ನೇತ್ರಾಣಿಗೆ ಸ್ಕೂಬಾ ಪ್ಯಾಕೇಜು ಇರಲಿಲ್ಲ.

ಮೊದಲು ರೂಪನಿಷ್ಪತ್ತಿ. ಕಡೆಯ ವಕಾರ ಕೆರೆದಂಡೆಯಲ್ಲೇ ಲೋಪವಾಗಿ ‘ಡೈ’ ಮಾತ್ರ ನೀರಿಗೆ ಬೀಳುತ್ತದೆ. ‘ಹೊಡೆ’ ಜೊತೆ ಬಂದರೆ ಕರ್ತೃ ಪಡ್ಡೆ ಹುಡುಗ. ‘ಹಾಕು’ ಜೊತೆ ಬಂದರೆ ತಲೆ ನರೆತವನು. ಬಸ್ಸು ಓಡಿಸುವವನು ರಕಾರವೊಂದನ್ನು ಕಳೆದುಕೊಂಡು ‘ಡೈವರ್’ ಆಗಿ, ನೀರು ಮುಟ್ಟದೆಯೇ ಈ ಕುಲಕ್ಕೆ ಸೇರಿದ್ದಾನೆ. ಹೆದ್ದಾರಿ 66ರ ‘ಡೈವರ್ಶನ್’ ಫಲಕವನ್ನೂ ಇದೇ ಧಾತುವಿನಿಂದ ಸಾಧಿಸಬೇಕೆಂಬ ಪಕ್ಷವೊಂದಿದೆ. ಆಷಾಢದಲ್ಲಿ ಅಲ್ಲಿ ಹಾದುಹೋದವರು ಈ ಪಕ್ಷವನ್ನು ಖಂಡಿಸಲಾರರು.

ಇನ್ನು ನೇತ್ರಾಣಿ. ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ಈ ದ್ವೀಪದಲ್ಲಿ ಈಜು ಬಾರದವನೂ ಡೈವ್ ಮಾಡಬಹುದು ಎಂಬುದೇ ಶಾಸ್ತ್ರಕ್ಕೆ ದೊಡ್ಡ ಸವಾಲು. ಬೆನ್ನಿಗೆ ಸಿಲಿಂಡರು; ಅದನ್ನು ಹಿಡಿದ ಬೋಧಕ ಇಳಿಸುತ್ತಾನೆ, ತಿರುಗಿಸುತ್ತಾನೆ, ಫೋಟೋಕ್ಕೆ ನಿಲ್ಲಿಸುತ್ತಾನೆ. ಹೊಸಬರಿಗೆ ಮಿತಿ 12 ಮೀಟರ್. ಹಾಗಾದರೆ ಕರ್ತೃ ಯಾರು? ಪ್ರವಾಸಿ ಮುಳುಗುವುದಿಲ್ಲ, ಮುಳುಗಿಸಲ್ಪಡುತ್ತಾನೆ; ‘ಇಸು’ ಪ್ರತ್ಯಯಕ್ಕೆ ಇಷ್ಟು ದುಬಾರಿ ಉದಾಹರಣೆ ಕನ್ನಡದಲ್ಲಿ ಮತ್ತೊಂದಿಲ್ಲ. ದಡಕ್ಕೆ ಬಂದು ಸ್ಟೇಟಸ್ ಹಾಕುವಾಗ ಮಾತ್ರ ಶುದ್ಧ ಕರ್ತರಿ ಪ್ರಯೋಗ.

ಅರ್ಥಪಲ್ಲಟ ನಡೆಯುವುದೂ ನೇತ್ರಾಣಿಯಲ್ಲೇ. ಕಡಲೊಳಗಿನ ಸನ್ನೆಭಾಷೆಯಲ್ಲಿ ಹೆಬ್ಬೆರಳೆತ್ತಿದರೆ ‘ಮೇಲೆ ಹೋಗೋಣ’ ಎಂದರ್ಥ. ‘ಚೆನ್ನಾಗಿದೆ’ ಎನ್ನಲು ತೋರುಬೆರಳು ಹೆಬ್ಬೆರಳು ಸೇರಿಸಿ ಸೊನ್ನೆ ಮಾಡಬೇಕು. ಗಿಳಿಮೀನು ಕಂಡು ‘ಸೂಪರ್’ ಎಂದು ಹೆಬ್ಬೆರಳೆತ್ತಿದವನು ಮರುಕ್ಷಣ ದೋಣಿಯ ಪಕ್ಕ ತೇಲುತ್ತಿರುತ್ತಾನೆ. ಬೋಧಕನ ತಪ್ಪಿಲ್ಲ, ಅವನು ವ್ಯಾಕರಣ ಓದಿದವನು.

ಹೊನ್ನಾವರದ ಸಾಕ್ಷ್ಯ ಅಲ್ಪ. ಜೋಗದಲ್ಲಿ 253 ಮೀಟರ್ ಧುಮುಕಿದ ಶರಾವತಿ ಇಲ್ಲಿಗೆ ಬರುವಷ್ಟರಲ್ಲಿ ಹೊಳೆಯೋ ಕಡಲೋ ಎಂದು ಹೇಳಲಾಗದಷ್ಟು ಹರಡಿಕೊಂಡು, 2 ಕಿ.ಮೀ. ಮೀರಿದ ರೈಲು ಸೇತುವೆಯಡಿ ಮೈಚಾಚಿದೆ. 1964ರಲ್ಲಿ ಲಿಂಗನಮಕ್ಕಿ ಕಟ್ಟಿದ ಮೇಲಂತೂ ಅದಕ್ಕೆ ಜೋಗದಲ್ಲಿ ಧುಮುಕಲೂ ಇಲಾಖೆಯ ಅಪ್ಪಣೆ ಬೇಕು. ಅಪ್ಪಣೆ ಪಡೆದು ಮಾಡಿದ್ದು ಧುಮುಕೇ ಅಲ್ಲ ಎಂಬುದು ನಮ್ಮ ಮತ.

ಕುಮಟಾದಲ್ಲಿ ಸಿದ್ಧಾಂತ ಕುಸಿಯಿತು. ಅಘನಾಶಿನಿಯ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಬಳಚು ಚಿಪ್ಪು ಹೆಕ್ಕುವವರು ಸಿಲಿಂಡರಿಲ್ಲ, ಪ್ರಮಾಣಪತ್ರವಿಲ್ಲ, ಉಸಿರು ಕಟ್ಟಿ ಮುಳುಗುತ್ತಾರೆ, ಏಳುತ್ತಾರೆ. ಈ ಕ್ರಿಯೆಗೆ ಅವರು ಬಳಸುವ ಧಾತು ಯಾವುದೆಂದು ಕೇಳಲು ಹೋದ ಸಂಶೋಧಕನಿಗೆ ಬಳಚಿನ ದರ ಹೇಳಿದರು. ಕೊಂಡು ತಂದಿದ್ದೇವೆ. ಸುಕ್ಕೆ ಒಲೆಯ ಮೇಲಿದೆ. ಉಂಡಾದ ಮೇಲೆ ಎರಡನೇ ಸಂಪುಟ.