ಯಾರ್ರೀ ನೀವು ಎಂದ ಫೋನು

2017ರ ಸೆಪ್ಟೆಂಬರ್ 12. ಕ್ಯಾಲಿಫೋರ್ನಿಯಾದ ಕ್ಯುಪರ್ಟಿನೊದಲ್ಲಿ ಆಪಲ್ ಕಂಪನಿ ಹೊಸದಾಗಿ ಕಟ್ಟಿಸಿದ್ದ ಸ್ಟೀವ್ ಜಾಬ್ಸ್ ಥಿಯೇಟರ್. ಇನ್ನು ಬೆರಳೊತ್ತುವುದೂ ಬೇಡ, ನಂಬರ್ ಕುಟ್ಟುವುದೂ ಬೇಡ, ಮುಖ ತೋರಿಸಿದರೆ ಸಾಕು ಎಂದು ಸಾರಲು ಕಂಪನಿಯ ಸಾಫ್ಟ್‌ವೇರ್ ಮುಖ್ಯಸ್ಥ ಕ್ರೇಗ್ ಫೆಡರಿಘಿ ವೇದಿಕೆಯ ಮೇಲೆ ಐಫೋನ್ ಎಕ್ಸ್ ಎತ್ತಿಕೊಂಡರು. ಮುಖ ತೋರಿಸಿದರು. ಫೋನು ತೆರೆಯಲಿಲ್ಲ. ಮತ್ತೊಮ್ಮೆ ತೋರಿಸಿದರು. ಪಾಸ್‌ಕೋಡ್ ಹಾಕಿ ಎಂದಿತು. ಕೊನೆಗೆ, ಇರಲಿ ಎಂದು ಪಕ್ಕದಲ್ಲಿಟ್ಟಿದ್ದ ಇನ್ನೊಂದು ಫೋನು ಕಂಪನಿಯ ಮಾನ ಕಾಪಾಡಿತು.

ಫೋನಿನದು ಏನೂ ತಪ್ಪಿಲ್ಲ ಎಂದು ಕಂಪನಿ ಆಮೇಲೆ ಸಮಜಾಯಿಷಿ ಕೊಟ್ಟಿತು. ಕಾರ್ಯಕ್ರಮಕ್ಕೆ ಮುಂಚೆ ಸಿಬ್ಬಂದಿ ಅದನ್ನು ಅಲ್ಲಿಂದಿಲ್ಲಿಗೆ ಎತ್ತಿಡುವಾಗ ಅದು ಎಲ್ಲರ ಮುಖವನ್ನೂ ನೋಡಿತ್ತಂತೆ. ಇವರ‍್ಯಾರೂ ನಮ್ಮ ಯಜಮಾನರಲ್ಲ ಎಂದು ಖಾತ್ರಿಯಾದ ಮೇಲೆ, ಖುದ್ದು ಯಜಮಾನರೇ ಬಂದರೂ ನಂಬರ್ ಕೇಳಲು ಶುರುಮಾಡಿತ್ತು. ಅಂದರೆ, ಸಾವಿರ ಜನರ ಮುಂದೆ ಮರ್ಯಾದೆ ಹೋಗಿದ್ದು ಫೋನು ಕೆಟ್ಟು ಅಲ್ಲ. ಅದು ತನಗೆ ಹೇಳಿಕೊಟ್ಟಿದ್ದನ್ನು ಅಕ್ಷರಶಃ ಪಾಲಿಸಿದ್ದರಿಂದ.

ಮುಖ ನೋಡುವುದರಲ್ಲಿ ಅದು ಗಟ್ಟಿಗನೇ. 30,000ಕ್ಕೂ ಹೆಚ್ಚು ಅತಿಗೆಂಪು ಚುಕ್ಕೆಗಳನ್ನು ಮುಖದ ಮೇಲೆ ಚೆಲ್ಲಿ ಮೂಗಿನ ಎತ್ತರ, ಕಣ್ಣಿನ ಗುಳಿ ಎಲ್ಲವನ್ನೂ ಅಳೆಯುತ್ತದೆ. ಕತ್ತಲಲ್ಲೂ ಕಾಣುತ್ತದೆ, ಗಡ್ಡ ಬಿಟ್ಟರೂ ಹೊಂದಿಕೊಳ್ಳುತ್ತದೆ. ಅಪರಿಚಿತನೊಬ್ಬನ ಮುಖಕ್ಕೆ ಅದು ಮೋಸಹೋಗುವ ಸಂಭವ 10 ಲಕ್ಷಕ್ಕೆ ಒಂದು ಎನ್ನುತ್ತದೆ ಆಪಲ್. ಅವಳಿಗಳ ವಿಷಯದಲ್ಲಿ ಮಾತ್ರ ಈ ಲೆಕ್ಕ ನಡೆಯದು ಎಂದೂ ಸೇರಿಸುತ್ತದೆ. ಇಷ್ಟೆಲ್ಲ ಇದ್ದರೂ ಕೆಲವು ಸಂದರ್ಭಗಳಲ್ಲಿ ಅದು ಮುಖಕ್ಕೆ ಮರುಳಾಗುವುದಿಲ್ಲ. ಐದು ಸಲ ಮುಖ ತಪ್ಪಿದರೆ ನಂಬರ್ ಬೇಕು. 48 ಗಂಟೆ ಮುಟ್ಟದೇ ಬಿಟ್ಟಿದ್ದರೆ ನಂಬರ್ ಬೇಕು. ಆರಿಸಿ ಹೊತ್ತಿಸಿದರಂತೂ ಬೇಕೇ ಬೇಕು.

ಈ ಕೊನೆಯ ನಿಯಮವೇ ಮೈಸೂರಿನ ರಾಯರ ಮನೆಯಲ್ಲಿ ಒಂದು ಬೆಳಗಿನ ಕಾಫಿ ಆರಿಸಿದ್ದು. ರಾಯರು ಅಂಚೆ ಇಲಾಖೆಯಲ್ಲಿದ್ದು ನಿವೃತ್ತರಾದವರು. ಅವರ ಫೋನು ರಾತ್ರಿ ಚಾರ್ಜಿಗಿದ್ದಾಗ ತಾನೇ ಅಪ್‌ಡೇಟ್ ಮಾಡಿಕೊಂಡು, ತಾನೇ ಆರಿ, ತಾನೇ ಹೊತ್ತಿಕೊಂಡು, ಬೆಳಿಗ್ಗೆ ಏನೂ ಅರಿಯದಂತೆ ಮೇಜಿನ ಮೇಲೆ ಮಲಗಿತ್ತು. ರಾಯರು ಮುಖ ತೋರಿಸಿದರು. ಊಹೂಂ. ಕನ್ನಡಕ ತೆಗೆದರು, ಹಾಕಿದರು, ಕಿಟಕಿ ಬಳಿ ಹೋಗಿ ಬಿಸಿಲಿಗೆ ನಿಂತರು, ಹಣೆಯ ಗಂಧ ಒರೆಸಿಕೊಂಡು ನೋಡಿದರು. ಹೋದ ನವೆಂಬರಿನಲ್ಲಿ ಇದೇ ಮುಖ ಸೊಸೆಯ ಫೋನಿನ ಮುಂದೆ ಕಣ್ಣು ಮಿಟುಕಿಸಿ, ತಾನಿನ್ನೂ ಬದುಕಿದ್ದೇನೆಂದು ಕೇಂದ್ರ ಸರ್ಕಾರವನ್ನೇ ಒಪ್ಪಿಸಿ ಪಿಂಚಣಿ ಉಳಿಸಿಕೊಂಡಿತ್ತು. ಸರ್ಕಾರ ನಂಬಿದ ಮುಖವನ್ನು ಸ್ವಂತ ಫೋನು ನಂಬಲಿಲ್ಲ.

ಅಷ್ಟರಲ್ಲಿ ಅದು ರಿಂಗಾಯಿತು. ಹೆಸರಿಲ್ಲ, ಬರೀ ನಂಬರು. “ಯಾರು ಮಾತಾಡೋದು?” ಎಂದರು ರಾಯರು, ಬ್ಯಾಂಕಿನಿಂದ ಸಾಲ ಬೇಕಾ ಎಂದು ಕೇಳುವವರಿಗೆ ಮೀಸಲಿಟ್ಟ ದನಿಯಲ್ಲಿ.

“ಏನ್ ಭಾವ, ನನ್ನ ಹೆಸರೂ ಅಳಿಸಿಬಿಟ್ರಾ?” ಎಂದ, ದಿನಾ ಅದೇ ಹೊತ್ತಿಗೆ ಫೋನ್ ಮಾಡುವ ಭಾವಮೈದ.

ಅಳಿಸಿದ್ದು ಯಾರೂ ಅಲ್ಲ. ಫೋನಿನೊಳಗಿನ ಹೆಸರು, ಫೋಟೊ, ವೈ-ಫೈ ಪಾಸ್‌ವರ್ಡ್ ಎಲ್ಲವೂ ಗೂಢಲಿಪಿಯಲ್ಲಿ ಇರುತ್ತವೆ. ಅದನ್ನು ಬಿಡಿಸುವ ಕೀಲಿ ಹುಟ್ಟುವುದು ಪಾಸ್‌ಕೋಡ್ ಒತ್ತಿದಾಗ ಮಾತ್ರ. ಆರಿ ಹೊತ್ತಿದ ಫೋನಿಗೆ ಆ ಕೀಲಿ ಸಿಗುವವರೆಗೆ ತನ್ನ ಹೊಟ್ಟೆಯಲ್ಲಿರುವುದು ತನಗೇ ಓದಲು ಬಾರದು. ಹಾಗಾಗಿ ಕರೆ ಬಂದರೆ ಹೆಸರು ಕಾಣದು. ಐಫೋನಾದರೆ ಮನೆಯ ವೈ-ಫೈಯನ್ನೂ ಹಿಡಿಯದು. ಮುಖ ಹೋಯ್ತು, ವೈ-ಫೈ ಹೋಯ್ತು, ಹೆಸರು ಹೋಯ್ತು ಎಂದು ಮೂರು ದೂರು ಹೊತ್ತು ರಿಪೇರಿ ಅಂಗಡಿಗೆ ಓಡುವವರಿಗೆ ಎಷ್ಟೋ ಸಲ ಬೇಕಿರುವುದು ಆರು ಅಂಕಿ.

“ಮಾವ, ಒಂದ್ಸಲ ಪಾಸ್‌ಕೋಡ್ ಒತ್ತಿ ನೋಡಿ” ಎಂದಳು ಸೊಸೆ. ರಾಯರು ಅದನ್ನು ಒಂಟಿಕೊಪ್ಪಲ್ ಪಂಚಾಂಗದ ಕೊನೆ ಪುಟದಲ್ಲಿ ಭದ್ರವಾಗಿ ಬರೆದಿಟ್ಟಿದ್ದರು. ಆದರೆ ಅದು ಹೋದ ವರ್ಷದ ಪಂಚಾಂಗ. ಯುಗಾದಿಗೆ ಹೊಸದು ಬಂದು, ಹಳೆಯದು ಅಟ್ಟ ಸೇರಿತ್ತು.

ವೈ-ಫೈ ಕಥೆಗೆ ಇನ್ನೊಂದು ಮಗ್ಗುಲೂ ಇದೆ. 2020ರ ಸೆಪ್ಟೆಂಬರ್ ನೆನಪಿಸಿಕೊಳ್ಳಿ. ಊರಿಗೆ ಊರೇ ಮಾಸ್ಕ್ ಹಾಕಿತ್ತು. ಅಂಗಡಿ ಮುಂದೆ ದುಡ್ಡು ಕಟ್ಟಲು ಮಾಸ್ಕ್ ಕೆಳಗಿಳಿಸಿ, ಫೋನಿಗೆ ಮೂಗು ತೋರಿಸಿ, ಅಂಗಡಿಯವನ ಬಾಯಲ್ಲಿ ಬೈಸಿಕೊಂಡು ಮತ್ತೆ ಏರಿಸುವ ಕಾಲ. ಸರಿಯಾಗಿ ಆ ತಿಂಗಳೇ ಐಫೋನಿಗೆ ಐಒಎಸ್ 14 ಬಂತು. ಪ್ರತಿ ಫೋನಿಗೂ ವೈ-ಫೈ ಲೋಕದಲ್ಲಿ ಹನ್ನೆರಡು ಅಕ್ಷರ-ಅಂಕಿಗಳ ಒಂದು ವಿಳಾಸವಿದೆ, ಮ್ಯಾಕ್ ಅಡ್ರೆಸ್ ಎಂದು. ಅದನ್ನು ಹಿಡಿದು ಮಾಲ್‌ನವರು, ಜಾಹೀರಾತಿನವರು ಬೆನ್ನು ಹತ್ತಬಾರದೆಂದು ಹೊಸ ಅಪ್‌ಡೇಟ್ ಒಂದೊಂದು ನೆಟ್‌ವರ್ಕಿಗೆ ಒಂದೊಂದು ಸುಳ್ಳು ವಿಳಾಸ ಕೊಡತೊಡಗಿತು. ಆಂಡ್ರಾಯ್ಡ್ 10 ಹಿಂದಿನ ವರ್ಷವೇ ಈ ಪಾಠ ಕಲಿತಿತ್ತು. ಮಾಸ್ಕ್ ಹಾಕಿದ ಯಜಮಾನನನ್ನು ಒಳಬಿಡದ ಫೋನು, ರೌಟರ್ ಮುಂದೆ ತಾನೇ ಮಾಸ್ಕ್ ಹಾಕಿಕೊಂಡು ನಿಂತಿತು.

ನೋಂದಾಯಿಸಿದ ವಿಳಾಸಗಳನ್ನು ಮಾತ್ರ ಸೇರಿಸುವ ಕಚೇರಿಗಳ ರೌಟರ್‌ಗಳು ಹಳೇ ನೌಕರರ ಫೋನನ್ನೇ ಯಾರೋ ದಾರಿಹೋಕನದೆಂದು ಹೊರಗಿಟ್ಟವು. ಮನೆಗಳಲ್ಲಿ ಆದದ್ದು ತಿರುವುಮುರುವು. ರಾತ್ರಿ ಒಂಬತ್ತಾದ ಮೇಲೆ ಮಗನ ಫೋನಿಗೆ ಇಂಟರ್ನೆಟ್ ಸಿಗದಂತೆ ರೌಟರಿನಲ್ಲಿ ಅದರ ವಿಳಾಸಕ್ಕೆ ಬೀಗ ಹಾಕಿದ್ದ ಅಪ್ಪಂದಿರ ಬೀಗ ಹಾಗೇ ಇತ್ತು, ಆ ವಿಳಾಸದಲ್ಲಿ ಯಾರೂ ಇರಲಿಲ್ಲ. ಅಪ್‌ಡೇಟ್ ಬಗ್ಗೆ ಒಂದು ದೂರೂ ಹೇಳದ ಏಕೈಕ ವರ್ಗವೆಂದರೆ ಆ ಮಕ್ಕಳು. ಸೆಟ್ಟಿಂಗ್ಸ್‌ನಲ್ಲಿ ಆ ನೆಟ್‌ವರ್ಕಿನ ಹೆಸರಿನ ಪಕ್ಕ ಒತ್ತಿ, ಪ್ರೈವೇಟ್ ಅಡ್ರೆಸ್ ಆಫ್ ಮಾಡಿದರೆ ಹಳೇ ವಿಳಾಸ ವಾಪಸ್ ಬರುತ್ತದೆ. ಈ ಮಾತನ್ನು ಮಕ್ಕಳೆದುರು ಆಡಬಾರದು.

ಹಾಗೆಂದು ಎಲ್ಲ ಸಲವೂ ಬಳಸುವವರದೇ ತಪ್ಪು ಎನ್ನಲಾಗದು. 2014ರ ಸೆಪ್ಟೆಂಬರ್ 24ರಂದು ಬಂದ ಐಒಎಸ್ 8.0.1, ಮಾರುಕಟ್ಟೆಗೆ ಬಂದು ಇನ್ನೂ ವಾರವಾಗದ ಐಫೋನ್ 6ರಲ್ಲಿ ನೆಟ್‌ವರ್ಕನ್ನೂ ಬೆರಳಚ್ಚನ್ನೂ ಒಟ್ಟಿಗೇ ನುಂಗಿ ನೀರು ಕುಡಿಯಿತು. ಕಂಪನಿ ಅದನ್ನು ಅಂದೇ ಹಿಂತೆಗೆದುಕೊಂಡು ಮರುದಿನ 8.0.2 ಬಿಟ್ಟಿತು. 2021ರಲ್ಲಿ ಇನ್ನೊಂದು ವಿಚಿತ್ರ. ವೈ-ಫೈ ಹೆಸರಿನಲ್ಲಿ ಶೇಕಡಾ ಚಿಹ್ನೆಗಳನ್ನೂ ಅಕ್ಷರಗಳನ್ನೂ ಒಂದು ಕ್ರಮದಲ್ಲಿ ಪೋಣಿಸಿಟ್ಟರೆ, ಅದಕ್ಕೆ ಸೇರಿದ ಐಫೋನಿನ ವೈ-ಫೈಯೇ ಮಲಗಿಬಿಡುತ್ತಿತ್ತು. ಫೋನು ಅದನ್ನು ಹೆಸರೆಂದು ಓದದೆ ಆಜ್ಞೆ ಎಂದು ಓದುತ್ತಿತ್ತು. ಆರಿಸಿ ಹೊತ್ತಿಸಿದರೂ ಏಳುತ್ತಿರಲಿಲ್ಲ. ಅದಕ್ಕೆ ಇದ್ದ ಮದ್ದು ರೀಸೆಟ್ ನೆಟ್‌ವರ್ಕ್ ಸೆಟ್ಟಿಂಗ್ಸ್, ಮುಂದೆ 14.7 ಬಂದ ಮೇಲೆ ಅದೂ ಬೇಕಾಗಲಿಲ್ಲ.

ಈ ರೀಸೆಟ್ ಎನ್ನುವುದು ಕಡೆಯ ಮದ್ದು. ಫೋನು ಈವರೆಗೆ ನೆನಪಿಟ್ಟುಕೊಂಡ ಎಲ್ಲ ವೈ-ಫೈ ಪಾಸ್‌ವರ್ಡ್‌ಗಳನ್ನೂ ಒಂದೇಟಿಗೆ ತೊಳೆದುಬಿಡುತ್ತದೆ. ಅಟ್ಟದಿಂದ ಪಂಚಾಂಗ ಇಳಿದು, ರಾಯರು ಆರು ಅಂಕಿ ಒತ್ತಿ, ಫೋನು ತೆರೆದುಕೊಂಡಾಗ ವೈ-ಫೈ ಹಿಡಿಯಲು ಕೆಲವು ಸೆಕೆಂಡ್ ಹಿಡಿಯಿತು. ಆ ಕೆಲವು ಸೆಕೆಂಡ್ ಕಾಯುವ ವ್ಯವಧಾನ ಮೊಮ್ಮಗನಿಗೆ ಇರಲಿಲ್ಲ. “ಕೊಡಿ ತಾತ” ಎಂದವನೇ ರೀಸೆಟ್ ಒತ್ತಿ, ನಂಬರನ್ನೂ ತಾನೇ ಹಾಕಿ ಮುಗಿಸಿದ.

ಈಗ ಪಾಸ್‌ವರ್ಡ್ ಬೇಕು. ಸೊಸೆ ಟೀವಿಯ ಹಿಂದೆ ಕೈ ಹಾಕಿ ರೌಟರ್ ತಿರುಗಿಸಿದಳು. ತಳದ ಚೀಟಿಯಲ್ಲಿ ಇರುವೆಯಂಥ ಅಕ್ಷರ. ಸೊನ್ನೆಯೋ ‘ಓ’ವೋ ಎಂದು ಒಂದು ಸುತ್ತು ಚರ್ಚೆ. ಎರಡನ್ನೂ ಹಾಕಿ ನೋಡಿದರೂ ಆಗಲಿಲ್ಲ. ಕನೆಕ್ಷನ್ ಕೊಟ್ಟ ಹುಡುಗ ಅದನ್ನು ಆಗಲೇ ಬದಲಾಯಿಸಿ ಹೋಗಿದ್ದ. ಮೂವರೂ ಜೋರಾಗಿ ಸಾಧ್ಯತೆಗಳನ್ನು ಒಪ್ಪಿಸುತ್ತಿದ್ದಾಗ ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯ ಹುಡುಗ ಕೂಗಿ ಹೇಳಿದ: “ಅಂಕಲ್, ನಿಮ್ಮ ಹಳೇ ಮೊಬೈಲ್ ನಂಬರ್, ಕೊನೇಲಿ ಒಂದು ಅಟ್!”

ಸರಿಯಾಗಿತ್ತು. ಪಾಸ್‌ವರ್ಡ್ ಬದಲಾಯಿಸಿಬಿಡೋಣ ಎಂದು ರಾಯರು ಅಂದೇ ಹೊರಟಿದ್ದರು. ಆದರೆ ಬದಲಾಯಿಸಿದರೆ ಟೀವಿಗೆ, ಸೊಸೆಯ ಫೋನಿಗೆ, ಟ್ಯಾಬ್ಲೆಟ್ಟಿಗೆ ಎಲ್ಲಕ್ಕೂ ಮತ್ತೆ ಹಾಕಬೇಕೆಂದು ಗೊತ್ತಾಗಿ ಸುಮ್ಮನಾಗಿದ್ದಾರೆ. ಪಾಸ್‌ಕೋಡನ್ನು ಮಾತ್ರ ಈ ವರ್ಷದ ಪಂಚಾಂಗಕ್ಕೆ ಇಳಿಸಿಕೊಂಡಿದ್ದಾರೆ. ವೈ-ಫೈ ಪಾಸ್‌ವರ್ಡ್ ಬರೆದುಕೊಂಡಿಲ್ಲ. ಅದಕ್ಕೆ ಪಕ್ಕದ ಮನೆಯ ಹುಡುಗ ಇದ್ದಾನೆ.